ಗುರಿ ತಪ್ಪಬೇಕಾದ ಕ್ಷಿಪಣಿಗಳು

ವಿಲೆ ಪಾರ್ಲೆಯಲ್ಲಿ ಅಲಮೇಲು ಇದ್ದ ಬಿಲ್ಡಿಂಗಿನ ನೆತ್ತಿಯ ಮೇಲಿಂದಲೇ ವಿಮಾನಗಳು ಹಾದು ಇಳಿಯುತ್ತಿದ್ದವು. ಮಾತಾಡುತ್ತಿದ್ದವರು ಸದ್ದು ದಾಟುವವರೆಗೆ ಸುಮ್ಮನಿದ್ದು, ಆಮೇಲೆ ಬಿಟ್ಟಲ್ಲಿಂದ ಮುಂದುವರಿಸುವುದು ಅಲ್ಲಿಯ ರೂಢಿ. ಆಕೆಯ ಗಂಡ ತಿರುಮಲೇಶ ಮಾತ್ರ ಸದ್ದು ನಿಂತ ಮೇಲೂ ಮುಂದುವರಿಸುತ್ತಿರಲಿಲ್ಲ. ಮೈಸೂರಿನಿಂದ ವಾಯುಪಡೆಗೆ ಸೇರಿ, ಪಂಜಾಬು, ಅಸ್ಸಾಂ ಎಂದು ಸುತ್ತಿ, ರೇಡಾರ್ ಆಪರೇಟರ್ ಆಗಿ ನಿವೃತ್ತರಾದವರು. ಈಗ ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ಕೆಲಸ. ಮದುವೆಯಾದ ಹೊಸದರಲ್ಲಿ ಅಲಮೇಲು, "ಆ ಕತ್ತಲೆ ಕೋಣೆಯಲ್ಲಿ ಏನು ಮಾಡ್ತೀರಿ?" ಎಂದು ಕೇಳಿದ್ದರು. "ನೋಡ್ತೀನಿ" ಎಂದಿದ್ದರು ತಿರುಮಲೇಶ. ಅಷ್ಟೇ. ಅಲಮೇಲು ಮತ್ತೆ ಕೇಳಲಿಲ್ಲ.

ಮಗಳು ಮದುವೆಯಾಗಿ ನಾಸಿಕಕ್ಕೆ ಹೋದ ವರ್ಷ, ಬಿಲ್ಡಿಂಗಿನ ಕೆಳಗೆ ಸತ್ಯಮೂರ್ತಿ ಎಂಬ ಬೆಂಗಳೂರಿನವರು ಕಂಪ್ಯೂಟರ್ ಕ್ಲಾಸ್ ತೆರೆದರು. ಅಡ್ಮಿಷನ್ನು, ಹಾಜರಿ ನೋಡಿಕೊಳ್ಳಲು ಅಲಮೇಲು ಅಲ್ಲಿ ಸೇರಿದರು. ಮಧ್ಯಾಹ್ನ ಕ್ಲಾಸು ಖಾಲಿ ಇರುತ್ತಿತ್ತು. ಒಂದು ಫ್ಲಾಪಿಯಲ್ಲಿ ಯುದ್ಧವಿಮಾನ ಹಾರಿಸುವ ಆಟವಿತ್ತು. "ಆಡಿ ಮೇಡಂ, ಬೋರ್ ಆಗಲ್ಲ" ಎಂದು ಸತ್ಯಮೂರ್ತಿಯೇ ಹಾಕಿಕೊಟ್ಟರು.

ಮೊದಮೊದಲು ಅಲಮೇಲುವಿನ ವಿಮಾನ ರನ್‌ವೇ ಮುಗಿದರೂ ಮೇಲೇಳದೆ ಸೀದಾ ಸಮುದ್ರಕ್ಕೆ ಹೋಗುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಆಕಾಶದಲ್ಲಿ ಒಬ್ಬ ಶತ್ರುವನ್ನೂ ಆಕೆ ಉಳಿಸುತ್ತಿರಲಿಲ್ಲ. ರೇಡಾರಿನಲ್ಲಿ ಚುಕ್ಕೆ ಮೂಡುತ್ತದೆ, ಚುಕ್ಕೆಯ ಮೇಲೆ ಚೌಕ ಕೂರುತ್ತದೆ, ಗುಂಡಿ ಒತ್ತಿದರೆ ಕ್ಷಿಪಣಿ ಹೋಗುತ್ತದೆ, ಹೋದ ಕ್ಷಿಪಣಿ ತಗಲಿಯೇ ತಗಲುತ್ತದೆ. ಮನೆಗೆ ಬಂದು ಹಾಡಿಕೊಂಡು ಒಗ್ಗರಣೆ ಹಾಕುತ್ತಿದ್ದರು.

ಒಂದು ಶನಿವಾರ ಮಾಟುಂಗಕ್ಕೆ ತರಕಾರಿ, ಕಾಫಿಪುಡಿ ತರಲು ಹೋಗುವುದಿತ್ತು. ಹೆಂಡತಿಯನ್ನು ಕರೆಯಲು ಬಂದ ತಿರುಮಲೇಶ ಬಾಗಿಲಲ್ಲೇ ನಿಂತುಬಿಟ್ಟರು. ಕತ್ತಲು ಪರದೆಯ ಮೇಲೆ ಕಿತ್ತಳೆ ಗೆರೆಗಳು. ಅವರು ಅರ್ಧ ಆಯಸ್ಸು ದಿಟ್ಟಿಸಿದ್ದ ಬಣ್ಣ ಅದು.

"ನೋಡಿ ಬನ್ನಿ" ಎಂದು ಅಲಮೇಲು ಖುಷಿಯಿಂದ ಎರಡು ವಿಮಾನ ಉರುಳಿಸಿ ತೋರಿಸಿದರು.

ತಿರುಮಲೇಶ ಬಗ್ಗಿ ನೋಡಿದರು. "ಎಲ್ಲಾ ಕಾಣ್ತಿದೆಯಲ್ಲೇ ಇದರಲ್ಲಿ?"

"ರೇಡಾರ್ ಅಂದ್ಮೇಲೆ ಕಾಣಲ್ವೇ?"

"ಎಲ್ಲಿ ಕಾಣತ್ತೆ? ಗುಡ್ಡವೂ ಚುಕ್ಕೆ, ಮಳೆಮೋಡವೂ ಚುಕ್ಕೆ. ನೆಲ ಸವರಿಕೊಂಡು ಬರೋನು ಆ ಗಲೀಜಲ್ಲಿ ಮುಚ್ಚಿಹೋಗ್ತಾನೆ. ನಮ್ಮವನೋ ಅವರವನೋ ಅಂತ ಹಣೇಲಿ ಬರೆದಿರಲ್ಲ. ನಿನ್ನ ಮಿಸೈಲ್ ಒಂದಾದ್ರೂ ತಪ್ಪುತ್ತಾ?"

"ಯಾಕೆ ತಪ್ಪಬೇಕು?"

"ನಮ್ಮ ಕಾಲದವು ಶಾಖದ ಬೆನ್ನು ಹತ್ತೋವು. ಎದುರಿಗೆ ಸೂರ್ಯ ಇದ್ದರೆ ಶತ್ರೂನ ಬಿಟ್ಟು ಸೂರ್ಯನ ಕಡೆಗೇ ಹೋಗೋವು. ಪೈಲಟ್ಟುಗಳು ಬೈದುಕೊಂಡು ಇಳಿಯೋರು."

ಅಲಮೇಲು ಸಿಟ್ಟಿನಿಂದ ಕಂಪ್ಯೂಟರ್ ಆರಿಸಿದರು. ಇಷ್ಟು ದಿನ ಕಷ್ಟಪಟ್ಟು ಕಲಿತದ್ದು ಒಂದೇ ಮಾತಿಗೆ ಸುಳ್ಳಾಗಿತ್ತು. ದಾದರಿನಲ್ಲಿ ಗಂಡನಿಗಿಂತ ಮುಂದೆ ಮುಂದೆ ಬ್ರಿಜ್ ಹತ್ತಿ ಇನ್ನೊಂದು ಲೋಕಲ್ ರೈಲು ಹಿಡಿದರು. ಆಮೇಲೆ ಕಿಟಕಿಯ ಪಕ್ಕ ಸೀಟು ಸಿಕ್ಕಿದ ಮೇಲೆ ಕೇಳಿದರು, "ಇದನ್ನೆಲ್ಲ ಯಾಕೆ ಇಷ್ಟು ವರ್ಷ ಹೇಳಲಿಲ್ಲ?"

"ಹೇಳೋ ಹಾಗಿರಲಿಲ್ಲ."

"ಈಗ?"

"ಈಗ ಆ ಮಷೀನುಗಳೇ ಗುಜರಿಗೆ ಹೋಗಿವೆ." ತಿರುಮಲೇಶ ತಾವಾಗಿಯೇ ಶುರು ಮಾಡಿದರು. ಪಂಜಾಬಿನಲ್ಲಿದ್ದಾಗ ಒಂದು ಬೆಳಗಿನ ಜಾವ ಗಡಿಯ ಕಡೆಯಿಂದ ಚುಕ್ಕೆಗಳ ಸಾಲು ಬಂತಂತೆ. ಇವರು ವರದಿ ಮಾಡಿದರು. ಎರಡು ವಿಮಾನಗಳು ಎದ್ದುಹೋದವು. ಹೋಗಿ ನೋಡಿದರೆ ಕೊಕ್ಕರೆ ಹಿಂಡು! "ಆಮೇಲೆ ವರ್ಷಪೂರ್ತಿ ನನ್ನ ಹೆಸರು ಕೊಕ್ಕರೆ ಅಂತಲೇ ಆಯ್ತು."

ಅಲಮೇಲು ಹಣೆ ಚಚ್ಚಿಕೊಂಡರು. "ಅವತ್ತು ಊಟ ಬಿಟ್ಟು ಎದ್ದಿದ್ದು ಅದಕ್ಕಾ? ಹುಳಿ ಕೆಟ್ಟಿದೆ ಅಂದ್ಕೊಂಡು ನಾನು ಇಡೀ ಪಾತ್ರೆ ಚೆಲ್ಲಿದೆನಲ್ಲರೀ!"

"ಹುಳಿ ಚೆನ್ನಾಗಿತ್ತು" ಎಂದರು ತಿರುಮಲೇಶ. ಇಬ್ಬರೂ ನಕ್ಕ ರಭಸಕ್ಕೆ ಎದುರು ಕೂತಿದ್ದ ಮರಾಠಿ ಹೆಂಗಸು "ಕಾಯ್ ಝಾಲಂ?" ಎಂದು, ಏನಾಯಿತೆಂದು ಕೇಳುತ್ತಲೇ ತಾನೂ ನಕ್ಕಳು.

ಮುಂದಿನ ಶನಿವಾರ ಅಲಮೇಲು ಸೀರೆ ಡಬ್ಬಿಯ ರಟ್ಟೊಂದನ್ನು ತಂದು, ಪರದೆಯ ಮೂಲೆಯಲ್ಲಿದ್ದ ರೇಡಾರಿಗೆ ಅಡ್ಡವಾಗಿ ನಿಲ್ಲಿಸಿ ಅಂಟಿಸಿದರು. ವಿಮಾನ ಹಾರಿಸುವ ಆಕೆಗೆ ರೇಡಾರು ಕಾಣದು. ಪಕ್ಕದ ಸ್ಟೂಲಿನಲ್ಲಿ ಕೂತವರಿಗೆ ಮಾತ್ರ ಕಾಣುತ್ತದೆ.

"ಕೂತ್ಕೊಳ್ಳಿ. ನೀವು ನೋಡಿ ಹೇಳಿ, ನಾನು ಹೋಗ್ತೀನಿ."

ಕ್ಷಿಪಣಿಗೂ ಕಟ್ಟಳೆ ಮಾಡಿಕೊಂಡರು. ಸೂರ್ಯನಿಗೆ ಎದುರಾಗಿ ಬಿಡುವ ಹಾಗಿಲ್ಲ. ಶತ್ರುವಿನ ಬೆನ್ನ ಹಿಂದಿನಿಂದಲೇ ಬಿಡಬೇಕು. ಅಷ್ಟಾದರೂ ಮೊದಲು ತಿರುಮಲೇಶ ನಾಣ್ಯ ಚಿಮ್ಮುತ್ತಾರೆ. ಸಿಂಹ ಬಿದ್ದರೆ ಸರಿ, ಇಲ್ಲವಾದರೆ ವಿಮಾನದ ಮೂಗು ಆಚೆ ತಿರುಗಿಸಿ ಆ ಕ್ಷಿಪಣಿಯನ್ನು ಖಾಲಿ ಆಕಾಶಕ್ಕೆ ಬಿಡಬೇಕು.

ಆಟ ವಿಪರೀತ ಕಷ್ಟವಾಯಿತು. "ಎಡಕ್ಕೆ... ಇನ್ನೂ ಎಡಕ್ಕೆ... ಸ್ವಲ್ಪ ಕೆಳಗೆ" ಎಂದು ತಿರುಮಲೇಶ ಹೇಳುತ್ತಿದ್ದರು. ಶತ್ರು ನೆಲದ ಹತ್ತಿರ ಇಳಿದರೆ, ಚುಕ್ಕೆ ಕಣ್ಣೆದುರಿಗೇ ಇದ್ದರೂ, "ಗೊತ್ತಾಗ್ತಿಲ್ಲ" ಎಂದು ಸುಮ್ಮನಾಗುತ್ತಿದ್ದರು.

"ಗೊತ್ತಾಗ್ತಿಲ್ಲ ಅಂದ್ರೆ ನಾನೇನು ಮಾಡ್ಲಿ?"

"ಪೈಲಟ್ಟುಗಳೂ ಹಾಗೇ ಬೈಯೋರು."

ಗಲಾಟೆ ಕೇಳಿ ಸತ್ಯಮೂರ್ತಿ ಓಡಿಬಂದರು. "ಏನ್ ಸಾರ್, ಮನೆ ಜಗಳ ಇಲ್ಲಿಗೆ ಬಂತಾ?"

"ಶ್! ಹಿಂದೆ ಒಬ್ಬ ಇದಾನೆ" ಎಂದು ಇಬ್ಬರೂ ಒಟ್ಟಿಗೆ ಗದರಿದರು.

ಆ ದಿನ ಕ್ಷಿಪಣಿಗಳೆಲ್ಲ ಮುಗಿದು ಉರುಳಿದ್ದು ಒಂದೇ ವಿಮಾನ. ಇಂಧನದ ಮುಳ್ಳು ತಳ ಮುಟ್ಟುವಾಗ ಅಲಮೇಲು ರನ್‌ವೇಗೆ ಇಳಿಸಿದರು. ಹಿಂದೆ ಆಕಾಶವನ್ನೇ ಗುಡಿಸಿ ಹಾಕಿದಾಗಲೂ ಇಂಥ ಹಿಗ್ಗು ಆಗಿರಲಿಲ್ಲ ಎಂದು ಆಮೇಲೆ ಮಗಳಿಗೆ ಫೋನಿನಲ್ಲಿ ಹೇಳಿದರು.

ಶನಿವಾರದ ಆಟ ಹೀಗೆ ರೂಢಿಯಾಯಿತು. ಅದಕ್ಕಿಂತ ದೊಡ್ಡದೆಂದರೆ ತಿರುಮಲೇಶ ಮಾತಾಡತೊಡಗಿದ್ದು. ಅಸ್ಸಾಮಿನ ಗುಡುಗು ಮಳೆಯಲ್ಲಿ ಪರದೆ ಪೂರ್ತಿ ಮಸುಕಾದದ್ದು, ದಾರಿ ತಪ್ಪಿದ ಪೈಲಟ್ಟೊಬ್ಬನನ್ನು ಮಾತಿನಲ್ಲೇ ಕೈಹಿಡಿದು ಕರೆತಂದದ್ದು, ಆತ ಮಾರನೆಯ ದಿನ ಸೈಕಲ್ಲಿನಲ್ಲಿ ಕಿತ್ತಳೆ ಹಣ್ಣಿನ ಬುಟ್ಟಿ ತಂದದ್ದು, ಎಲ್ಲವೂ ಒಂದೊಂದಾಗಿ ಬಂದವು. ಆ ಹಣ್ಣುಗಳನ್ನು ಸುಲಿದದ್ದು ಅಲಮೇಲುವೇ. ಎಲ್ಲಿಂದ ಬಂದವೆಂದು ಆಗ ತಿಳಿದಿರಲಿಲ್ಲ.

ತೊಂಬತ್ತಮೂರರಲ್ಲಿ ಸತ್ಯಮೂರ್ತಿ ಬಣ್ಣದ ಪರದೆಯ ಹೊಸ ಕಂಪ್ಯೂಟರ್ ತಂದರು, ಜೊತೆಗೆ ಹೊಸ ಆಟ. ಅದರಲ್ಲಿ ತಗ್ಗಿನಲ್ಲಿ ಹಾರುವವನು ರೇಡಾರಿನಿಂದ ತಾನಾಗಿಯೇ ಮರೆಯಾಗುತ್ತಿದ್ದ. ಶತ್ರು ಉರಿಯುವ ಬೆಂಕಿಯುಂಡೆಗಳನ್ನು ಹಿಂದಕ್ಕೆ ಚೆಲ್ಲಿದರೆ ಕ್ಷಿಪಣಿಗಳು ಮೋಸಹೋಗಿ ಅವುಗಳ ಕಡೆ ತಿರುಗುತ್ತಿದ್ದವು. ತಿರುಮಲೇಶ ಮೆಚ್ಚಿ ತಲೆಯಾಡಿಸಿದರು. "ಪರವಾಗಿಲ್ಲ, ಯಾರೋ ತಿಳಿದವರನ್ನು ಕೇಳಿ ಮಾಡಿದ್ದಾರೆ." ಅಲಮೇಲು ಮೊದಲ ಸುತ್ತಿನಲ್ಲೇ ಉರುಳಿದರು, ಹೊಡೆದವನು ಯಾರೆಂದೇ ಕಾಣಲಿಲ್ಲ.

"ನಾನೊಂದು ಸಲ ಹಾರಿಸಲಾ?" ಎಂದರು ತಿರುಮಲೇಶ. ಅಷ್ಟು ವರ್ಷ ವಾಯುಪಡೆಯಲ್ಲಿದ್ದರೂ ಅವರು ಯುದ್ಧವಿಮಾನದೊಳಗೆ ಕೂತವರಲ್ಲ.

ಅಲಮೇಲು ಕುರ್ಚಿ ಬಿಟ್ಟುಕೊಟ್ಟು ಸ್ಟೂಲಿನಲ್ಲಿ ಕೂತರು. "ಈಗಲೇ ಮೂಗು ಎತ್ತಬೇಡಿ. ನಾನು ಹೇಳ್ತೀನಿ, ಆಗ."

ತಿರುಮಲೇಶ ಅವಸರಪಟ್ಟು ಮೊದಲೇ ಎತ್ತಿದರು. ವಿಮಾನ ಒಂದು ಗೇಣು ಹಾರಿ, ಮಗುಚಿ, ಹುಲ್ಲಿಗೆ ಬಿದ್ದು ಹೊತ್ತಿಕೊಂಡಿತು. ಅವರು ಕೈ ತೆಗೆಯದೆ ಪರದೆಯನ್ನೇ ನೋಡುತ್ತಿದ್ದರು. ಮುಖದ ತುಂಬ ನಗು.

"ಇನ್ನೊಂದು ಸಲ" ಎಂದರು ಅಲಮೇಲು.