ಕೆಮ್ಮಣ್ಣು ಕಟ್ಟಿದ ಅವರೆ

ಸಂಜೆ ಗುಬ್ಬಿಯಿಂದ ತುಮಕೂರಿಗೆ ಬರುವ ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ಸಾಕು, ನನಗೆ ಮಂಪರು ಹತ್ತುತ್ತದೆ. ಪೂರ್ತಿ ನಿದ್ದೆ ಬರುವುದಿಲ್ಲ. ತೆಂಗಿನ ಮರಗಳ ನೆರಳು ಒಂದಾದ ಮೇಲೊಂದು ರೆಪ್ಪೆಯ ಮೇಲೆ ಹಾದುಹೋಗುವುದು ತಿಳಿಯುತ್ತಿರುತ್ತದೆ. ಅಮ್ಮನ ಅವರೆಬೀಜಕ್ಕಾಗಿ ಕಾದ ಎರಡು ವರ್ಷ ಆ ಮಂಪರಿನಲ್ಲಿ ನನಗೆ ಕಾಣುತ್ತಿದ್ದದ್ದು ಒಂದು ರಾಗಿ ಹೊಲ. ರಾಗಿಯ ನಡುವೆ ಅಕ್ಕಡಿ ಸಾಲು, ಸಾಲಿನ ತುಂಬ ಹೂ ಬಿಟ್ಟ ಅವರೆ, ಎಲ್ಲದರ ಮೇಲೂ ಬೆಳಗಿನ ಮಂಜು. ಆ ಹೊಲವನ್ನು ನಾನು ನೋಡಿದವಳೇ ಅಲ್ಲ. ಅದು ಕುಣಿಗಲ್ ಕಡೆ ಅಮ್ಮನ ತವರಿನ ಹೊಲ. ನನಗೆ ಬುದ್ಧಿ ಬರುವ ಹೊತ್ತಿಗೆ ತೆಂಗಿನ ತೋಟವಾಗಿತ್ತು. ಅಮ್ಮ ಹೇಳೀ ಹೇಳೀ ಅದನ್ನು ನನ್ನ ಕಣ್ಣಿಗೆ ಅಂಟಿಸಿಬಿಟ್ಟಿದ್ದಳು.

ಅಮ್ಮನಿಗೆ ಎಂಬತ್ತು ದಾಟಿದೆ. ತುಮಕೂರಿನಲ್ಲಿ ನನ್ನ ಜೊತೆ ಇದ್ದಾಳೆ. ಊರಿಗೆಲ್ಲ ಬಂದ ಆ ಜ್ವರ ಅವಳಿಗೂ ಬಂದು, ಹೋಗುವಾಗ ಅವಳ ಮೂಗನ್ನೂ ತೆಗೆದುಕೊಂಡು ಹೋಯಿತು. ಒಗ್ಗರಣೆ ಸೀದರೂ ತಿಳಿಯದು, ಮಲ್ಲಿಗೆ ಮುಡಿದರೂ ತಿಳಿಯದು. ಬರುತ್ತೆ, ಕಾಯಿರಿ ಎಂದರು ಡಾಕ್ಟರು. ಕಾದು ಕಾದು ಸಾಕಾಗಿ ಅಮ್ಮ ತನ್ನ ಔಷಧವನ್ನು ತಾನೇ ಬರೆದುಕೊಂಡಳು.

"ನಮ್ಮಪ್ಪನ ಹೊಲದ ಅವರೇಕಾಯಿ ಒಂದ್ಸಲ ಮೂಸುದ್ರೆ ಬತ್ತದೆ ಕಣೇ. ಆ ಸೊಗಡು ಸತ್ತೋರ್ನೂ ಎಬ್ಬಿಸ್ತದೆ."

ಸೊಗಡು ಎಂದರೆ ಚಳಿಗಾಲದ ಅವರೆಯ ಸಿಪ್ಪೆಯ ಮೇಲೆ ಜಿನುಗುವ ಎಣ್ಣೆ, ಅದರ ವಾಸನೆ. ಬಿಡಿಸಿದ ಕೈಗೆ ಹತ್ತಿದರೆ ಸೋಪು ಹಾಕಿದರೂ ಬಿಡದು. ವರ್ಷವಿಡೀ ಸಿಗುವ ಹೈಬ್ರಿಡ್ ಕಾಯಿಗೆ ಅದಿಲ್ಲ. ಸೊಗಡಿನ ಅವರೆ ಎಂದು ಮಾರ್ಕೆಟ್ಟಿನಿಂದ ನಾನು ತಂದದ್ದನ್ನು ಅಮ್ಮ ಬೆರಳಲ್ಲಿ ಉಜ್ಜಿ ಪಕ್ಕಕ್ಕಿಟ್ಟಳು. ಮೂಗೇ ಇಲ್ಲ, ಹೇಗೆ ಗೊತ್ತಾಯಿತು ಎಂದು ರೇಗಿದೆ. "ಬೆರಳಿಗೆ ಗೊತ್ತಾಗ್ತದೆ ಬುಡು, ಅಂಟ್ತಾ ಇಲ್ಲ" ಎಂದಳು.

ತವರಿನ ಆ ಬೀಜ ಊರಲ್ಲಿ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಉಳಿದದ್ದು ಟಾಂಜಾನಿಯಾದಲ್ಲಿ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಲೆಕ್ಕದ ಮೇಷ್ಟರೊಬ್ಬರನ್ನು ಮದುವೆಯಾಗಿ ಆ ದೇಶಕ್ಕೆ ಹೊರಟಾಗ ಸೆರಗಿನ ಗಂಟಿನಲ್ಲಿ ಒಂದು ಹಿಡಿ ಅವರೆಬೀಜ ಕಟ್ಟಿಕೊಂಡಿದ್ದಳು. ಐವತ್ತು ವರ್ಷದಿಂದ ಅಲ್ಲಿನ ಹಿತ್ತಲ ಬೇಲಿಯ ಮೇಲೆ ಅದು ಹಬ್ಬುತ್ತಲೇ ಇದೆ. ಚಿಕ್ಕಮ್ಮನಿಗೆ ಈಗ ಮಂಡಿ ಮಡಚಲಾಗುವುದಿಲ್ಲ, ವಿಮಾನದ ಮಾತೇ ಇಲ್ಲ. ಬೀಜವಾದರೂ ಬರಲಿ ಎಂದು ಅಕ್ಕತಂಗಿ ಫೋನಿನಲ್ಲಿ ಮಾತಾಡಿಕೊಂಡರು.

ಬೀಜ ಇಲ್ಲಿಂದ ಹೋಗುವಾಗ ಯಾರೂ ಏನೂ ಕೇಳಿರಲಿಲ್ಲ. ಬರುವುದಕ್ಕೆ ಇಲ್ಲಿಂದ ಆಮದು ಪರವಾನಗಿ ಬೇಕು, ಬೀಜಕ್ಕೆ ರೋಗವಿಲ್ಲವೆಂದು ಅಲ್ಲಿನ ಸರ್ಕಾರದ ಸರ್ಟಿಫಿಕೇಟು ಬೇಕು, ಬಂದಿಳಿದ ಮೇಲೆ ಇಲ್ಲಿ ಮತ್ತೆ ತಪಾಸಣೆ. ನಾನೇನೂ ಹೆದರಲಿಲ್ಲ. ಗುಬ್ಬಿಯ ಕಚೇರಿಯೊಂದರಲ್ಲಿ ಮೂವತ್ತು ವರ್ಷದಿಂದ ಜನರ ಅರ್ಜಿ ನೋಡುವುದೇ ನನ್ನ ಕೆಲಸ. ಒಂದು ಸಹಿ ಬಿಟ್ಟಿದ್ದರೂ ವಾಪಸ್ ಕಳಿಸುವವಳು ಎಂದು ಹೆಸರು ಮಾಡಿದ್ದೇನೆ. ಬೈದುಕೊಂಡು ಹೋಗುತ್ತಾರೆ, ಹೋಗಲಿ.

ಅರ್ಜಿ ತುಂಬುವಾಗ ಅಮ್ಮ ಪಕ್ಕದಲ್ಲಿ ಕೂತಳು. ಗಿಡದ ಶಾಸ್ತ್ರೀಯ ಹೆಸರು ಕೇಳಿತ್ತು. ಹುಡುಕಿ ಓದಿದೆ: "ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್."

"ಲಬೋ ಲಬೋ ಅಂತ ಬಾಯ್ ಬಡ್ಕೊಂಡಂಗೈತೆ. ಅವರೆ ಅಂತ ಬರಿ ಸುಮ್ನೆ."

ಮೂಲ ದೇಶ ಎನ್ನುವ ಕಡೆ ಟಾಂಜಾನಿಯಾ ಎಂದು ಹಾಕಿದೆ. ಅಮ್ಮನಿಗೆ ಸಿಟ್ಟು ಬಂತು.

"ಅದ್ರ ಮೂಲ ನಮ್ಮೂರು. ಸುಳ್ಳು ಬರೀಬ್ಯಾಡ."

"ಅದು ಎಲ್ಲಿ ಬೆಳೆದು ಬರ್ತಾ ಇದೆ ಅಂತ ಕೇಳೋದಮ್ಮ."

"ಹಂಗಂತ ಕೇಳ್ಬೇಕಪ್ಪ. ಮೂಲ ಅಂತ ಯಾಕ್ ಕೇಳ್ತಾರೆ?"

ಮೇಲಿನ ವಿವರಗಳೆಲ್ಲ ಸತ್ಯ ಎನ್ನುವಲ್ಲಿ ಗುರುತು ಹಾಕಿ ಕಳಿಸಿದೆ.

ಪರವಾನಗಿ ಬಂತು. ಚಿಕ್ಕಮ್ಮನಿಗೆ ಫೋನ್ ಮಾಡಿ ನಿಯಮಗಳನ್ನೆಲ್ಲ ಹೇಳಿದೆ. ಬೀಜ ಒಣಗಿರಬೇಕು, ಹೊಟ್ಟು ಇರಬಾರದು, ಮುಖ್ಯವಾಗಿ ಹುಳ ಇರಬಾರದು, ಒಂದು ಹುಳ ಕಂಡರೂ ಕೆಟ್ಟೆವು ಎಂದು ಎರಡು ಸಲ ಒತ್ತಿ ಹೇಳಿದೆ. ಅಲ್ಲಿನ ಸರ್ಟಿಫಿಕೇಟೂ ಆಯಿತು, ಪಾರ್ಸೆಲ್ಲೂ ಹೊರಟಿತು. ರೈಲಿನ ಮಂಪರಿನಲ್ಲಿ ಈಗ ಹೊಲದ ಮೇಲೆ ಕಾಗದಗಳು ಬಿಳಿ ಕೊಕ್ಕರೆಗಳ ಹಾಗೆ ಇಳಿಯುತ್ತಿದ್ದವು. ಅಮ್ಮ ಹಿತ್ತಲಲ್ಲಿ ಪಾತಿ ಮಾಡಿಸಿ, ಚಪ್ಪರಕ್ಕೆ ಬಿದಿರ ಗಳು ಹುಡುಕಿಸಿಟ್ಟಳು.

ಬೆಂಗಳೂರಿನಿಂದ ತಪಾಸಣೆಯ ಅಧಿಕಾರಿ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಮೆತ್ತಗೆ ಮಾತಾಡಿದರು.

"ಮೇಡಂ, ಬೀಜಕ್ಕೆಲ್ಲ ಮಣ್ಣು ಮೆತ್ತಿದ್ದಾರೆ. ಮಣ್ಣು ಒಳಗೆ ಬಿಡೋ ಹಾಗಿಲ್ಲ. ಅದರಲ್ಲಿ ಏನೇನು ರೋಗ ಇರುತ್ತೋ ಹೇಳಕ್ಕಾಗಲ್ಲ. ಸುಡಬೇಕಾಗುತ್ತೆ."

"ಸ್ವಲ್ಪ ನೋಡಿ ಸರ್" ಎಂದೆ. ಮೂವತ್ತು ವರ್ಷ ಮೇಜಿನ ಆಚೆಯಿಂದ ನಾನು ಕೇಳಿದ ಮಾತು ಅದು. ನಿಯಮ ನಿಯಮವೇ ಮೇಡಂ ಎಂದರು. ಅದೂ ನನ್ನದೇ ಮಾತು. ಅವರು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು.

ಆದರೂ ಚಿಕ್ಕಮ್ಮನಿಗೆ ಫೋನ್ ಮಾಡಿ ಹರಿಹಾಯ್ದೆ. ಸರ್ಟಿಫಿಕೇಟಿನವರು ನೋಡುವಾಗ ಬೀಜ ಚೆನ್ನಾಗಿಯೇ ಇತ್ತಂತೆ. ಮನೆಗೆ ತಂದು ಡಬ್ಬಿಗೆ ತುಂಬುವ ಮೊದಲು ಅವಳೇ ಕೆಮ್ಮಣ್ಣು ಕಟ್ಟಿದ್ದಳು. ನಮ್ಮ ಕಡೆ ಬಿತ್ತನೆಯ ಅವರೆ, ತೊಗರಿಗೆ ಕೆಮ್ಮಣ್ಣನ್ನು ನೀರಲ್ಲಿ ಕಲಸಿ ಸವರಿ, ಒಣಗಿಸಿ ಇಡುತ್ತಾರೆ. ಹಾಗೆ ಮಾಡಿದರೆ ಹುಳ ಮುಟ್ಟುವುದಿಲ್ಲ.

"ಹುಳ ಬೀಳಬಾರ್ದು ಅಂತ ನೀನೇ ಎರಡೆರಡು ಸಲ ಹೇಳ್ದಲ್ಲೇ ಮಗಾ" ಎಂದಳು ಚಿಕ್ಕಮ್ಮ. "ಅಷ್ಟು ದೂರ ಹೋಗೋ ಬೀಜ, ಬರಿಮೈಲಿ ಹೆಂಗ್ ಕಳಿಸ್ಲಿ?"

ಮಣ್ಣು ಇರಬಾರದು ಎಂದೂ ಪರವಾನಗಿಯ ಕಾಗದದಲ್ಲಿತ್ತು. ಬೀಜದ ಜೊತೆ ಮಣ್ಣನ್ನು ಯಾರು ಕಳಿಸುತ್ತಾರೆ ಎಂದು ಆ ಸಾಲನ್ನು ನಾನು ಓದಿ ಹೇಳಿರಲಿಲ್ಲ. ಬೇರೆಯವರು ಬಿಟ್ಟ ಕಾಲಂ ಹುಡುಕಿ ಹುಡುಕಿ ಬೈಯುವವಳು, ನಾನೇ ಒಂದು ಸಾಲು ಬಿಟ್ಟಿದ್ದೆ. ನಾಚಿಕೆಯಾಯಿತು.

ಅಮ್ಮನಿಗೆ ಹೇಳಲು ಒಂದು ದಿನ ತಡೆದೆ. ಅವಳ ವಯಸ್ಸಿಗೆ ಒಂದು ವರ್ಷ ಎಂದರೆ ಸಣ್ಣ ಮಾತಲ್ಲ, ಮತ್ತೆ ಬಳ್ಳಿ ಕಾಯಿ ಬಿಟ್ಟು ಒಣಗಬೇಕಿತ್ತು. ಅತ್ತಾಳು ಎಂದುಕೊಂಡೆ. ಎಲ್ಲ ಹೇಳಿ ನೋಡಿದರೆ ಅವಳ ಮುಖದಲ್ಲಿ ನಗು.

"ಕೆಮ್ಮಣ್ಣು ಕಟ್ಟೋದ್ನ ಅವ್ಳಿಗೆ ನಾನೇ ಕಲ್ಸಿದ್ದು. ಮೊಳಕೈವರ್ಗೂ ಮೆತ್ಕೊಳೋಳು. ಮರ್ತಿಲ್ಲ ನೋಡೇ ಅವ್ಳು."

ಮತ್ತೆ ಅರ್ಜಿ, ಮತ್ತೆ ಪರವಾನಗಿ. ಈ ಸಲ ಪ್ರತಿ ಸಾಲನ್ನೂ ಓದಿ ಹೇಳಿದೆ. ಮರುವರ್ಷ ಬೀಜ ಬಂತು, ತೊಳೆದಿಟ್ಟ ಮುತ್ತಿನ ಹಾಗೆ. "ಪಾಪ, ಬರಿಮೈಲಿ ಬಂದವೆ" ಎಂದು ಅಮ್ಮ ಸೆರಗಿನಿಂದ ಒರೆಸಿದಳು. ಆಷಾಢದಲ್ಲಿ ಊರಿದೆವು. ಬಳ್ಳಿ ಚಪ್ಪರ ಏರಿತು, ಮಂಜು ಬಿದ್ದ ಮೇಲೆ ಹೂ ಬಿಟ್ಟಿತು, ಧನುರ್ಮಾಸಕ್ಕೆ ಕಾಯಿ ತುಂಬಿತು.

ಮೊದಲ ಕಾಯಿ ಕಿತ್ತ ಬೆಳಿಗ್ಗೆ ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ನಾನೇ ಹಿಡಿದುಕೊಂಡೆ. ಅಮ್ಮ ಕಾಯನ್ನು ಅಂಗೈಯಲ್ಲಿಟ್ಟು ಉಜ್ಜಿದಳು. ಬೆರಳು ಬೆರಳಿಗೆ ಅಂಟಿತು. ಎರಡೂ ಕೈಯನ್ನು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಬಂತಾ ಅಕ್ಕಾ?"

"ಬಂತು ಕಣೇ. ಮನೆಯೆಲ್ಲ ಅದೇ" ಎಂದಳು ಅಮ್ಮ. ಅಲ್ಲಿ ಚಿಕ್ಕಮ್ಮ ಅಳುತ್ತಾ ನಕ್ಕಳು. ಇನ್ನೂ ಏನೇನೋ ಹೇಳಿಕೊಂಡು ಫೋನ್ ಇಟ್ಟಳು.

ನಿಜವಾಗಿಯೂ ಬಂತೇನೋ ಎಂದುಕೊಂಡೆ. ಅಷ್ಟರಲ್ಲಿ ಅಮ್ಮ ಕಣ್ಣು ಬಿಡದೆಯೇ ಅಂಗೈಗಳನ್ನು ನನ್ನ ಮುಖದ ಹತ್ತಿರ ತಂದಳು.

"ಹೆಂಗೈತೆ, ನೀನಾದ್ರೂ ಹೇಳು."

ಮೂಸಿದೆ. ಆ ಕೈಗಳನ್ನು ಹಿಡಿದುಕೊಂಡು, ಎಲ್ಲಿಂದ ಶುರು ಮಾಡುವುದೋ ತಿಳಿಯದೆ, "ರಾಗಿ ಹೊಲ ಅಮ್ಮ, ಮೇಲೆ ಮಂಜು ಬಿದ್ದಿದೆ" ಎಂದೆ.

"ಹೂಂ, ಆಮೇಲೆ?" ಎಂದಳು.