ಗೋಡೆಯ ಮೇಲಿನ ಹಡಗಿನ ಪಟ್ಟಿ

ಅಮೆರಿಕದ ಹಾಗೆ ನಾವೂ ಕಂಪ್ಯೂಟರ್ ಕೆಲಸದವರಿಗೆ ಗ್ರೀನ್ ಕಾರ್ಡ್ ಕೊಡುತ್ತೇವೆ, ಬನ್ನಿ ಎಂದು ಎರಡು ಸಾವಿರದ ಇಸವಿಯಲ್ಲಿ ಕರೆದವರು ಜರ್ಮನಿಯವರೇ. ಹೋದೆ. ಸ್ಟುಟ್‌ಗಾರ್ಟ್ ಹತ್ತಿರ ಕೆಲಸ, ಮನೆ ಎರಡೂ ಆದವು. ಹಾಸನದಲ್ಲಿದ್ದ ಬಸುರಿ ಹೆಂಡತಿಯನ್ನು ಕರೆಸಿಕೊಳ್ಳುವುದೊಂದು ಬಾಕಿ. ಆಗಲೇ ಆರು ತಿಂಗಳು; ಇನ್ನೆರಡು ಕಳೆದರೆ ವಿಮಾನ ಹತ್ತಿಸುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನನಗೆ ಅರ್ಥವಾದದ್ದು ಹೊರದೇಶದವರ ವೀಸಾ ಕಾಗದ ನೋಡುವ ಅಲ್ಲಿನ ಕಚೇರಿಯಲ್ಲಿ. ಆ ಸಿಟ್ಟು ಇವತ್ತಿಗೂ ಆರಿಲ್ಲ.

ನಮ್ಮ ಕಡೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಆಮೇಲೆ ನಮ್ಮ ಹೆಸರು; ಮನೆತನದ ಹೆಸರು ಯಾರಿಗಿದೆ? ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಎಂದು ಕೇಳಿದ್ದಕ್ಕೆ ನಾನು ಊರಿನ ಹೆಸರು ತುಂಬಿದ್ದೆ. ಹೆಂಡತಿ ಅದೇ ಜಾಗಕ್ಕೆ ನನ್ನ ಹೆಸರು ಹಾಕಿದ್ದಳು. ಮದುವೆ ಸರ್ಟಿಫಿಕೇಟಿನಲ್ಲಿ ಬರೀ ಇನಿಷಿಯಲ್. ಹಾಸನದಲ್ಲಿ ಯಾರೂ ಹುಬ್ಬೇರಿಸಿರಲಿಲ್ಲ.

"ಈಕೆಯನ್ನು ಮದುವೆಯಾದವರು ನೀವೇ ಎನ್ನಲು ಪುರಾವೆ?" ಎಂದು ಅಧಿಕಾರಿ ಎರಡು ಸಲ ವಾಪಸ್ ಕಳಿಸಿದ. ಮೂರನೇ ಸಲ ಹೋದಾಗ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ಹಳೇ ಕಾಗದವನ್ನು ನಾನು ನೋಡುತ್ತಿದ್ದುದನ್ನು ಕಂಡು ಅವನ ಮುಖ ಅರಳಿತು. ಅದು ಹಾಯಿಹಡಗೊಂದರ ಪ್ರಯಾಣಿಕರ ಪಟ್ಟಿಯ ನಕಲಂತೆ. ಅವನ ಮುತ್ತಜ್ಜನ ಅಣ್ಣ, ಒಬ್ಬ ಬಡಗಿ, ಆ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ ಇಳಿದಿದ್ದನಂತೆ.

"ನೋಡಿ, ಬರೆದುಕೊಂಡವನು ನಮ್ಮ ಮನೆತನದ ಹೆಸರನ್ನೇ ತಪ್ಪು ಬರೆದಿದ್ದಾನೆ!" ಎಂದು ನಕ್ಕ.

ಹತ್ತಿರ ಹೋಗಿ ಓದಿದೆ. ಬಡಗಿಯ ಕೆಳಗಿನ ಸಾಲಿನಲ್ಲಿ 'ಹೆಂಡತಿ' ಎಂದಷ್ಟೇ ಇತ್ತು. ಅದರ ಕೆಳಗೆ 'ಕೂಸು'. ಇಬ್ಬರಿಗೂ ಹೆಸರೇ ಇರಲಿಲ್ಲ.

ಮೈಯೆಲ್ಲ ಉರಿದುಹೋಯಿತು. "ಇವರನ್ನು ಇಳಿಸಿಕೊಂಡರಲ್ಲ, ಆಗ ಯಾರು ಪುರಾವೆ ಕೇಳಿದರು?" ಎಂದು ನನ್ನ ಹರಕುಮುರುಕು ಜರ್ಮನ್‌ನಲ್ಲಿ ಕೂಗಿದೆ.

"ಅದು ಆಗಿನ ಕಾಲ," ಎಂದ. ಹಾಸನದಿಂದ ಅಫಿಡವಿಟ್ ತರಿಸಿ, ಜರ್ಮನ್‌ಗೆ ಅನುವಾದ ಮಾಡಿಸಿ, ಮುದ್ರೆ ಹಾಕಿಸಿಕೊಂಡು ಬನ್ನಿ ಎಂದು ಫೈಲು ಮುಚ್ಚಿದ.

ಸಂಜೆ ಫೋನಿನಲ್ಲಿ ಹೆಂಡತಿ, "ಏನಂದ್ರು ರೀ? ಟಿಕೆಟ್ ಮಾಡ್ಸೋದಾ?" ಎಂದಳು.

"ಇನ್ನೊಂದು ಕಾಗದ ಬೇಕಂತೆ ಕಣೇ."

"ನಾನ್ ನಿಮ್ಮ ಹೆಂಡ್ತಿ ಅನ್ನೋಕೆ ಇನ್ನೆಷ್ಟು ಕಾಗದ ಬೇಕಂತೆ ಅವ್ರಿಗೆ?"

ಕಾಗದ ಬಂದು ಮುದ್ರೆ ಬೀಳುವಷ್ಟರಲ್ಲಿ ದಿನ ತುಂಬಿತ್ತು. ಹೊಸ ಕೆಲಸ, ರಜೆ ಸಿಗಲಿಲ್ಲ. ಮಗಳು ಹುಟ್ಟಿದ್ದನ್ನು ಫೋನಿನಲ್ಲಿ ಕೇಳಿದೆ. ಆಮೇಲೆ ಅವಳ ಪಾಸ್‌ಪೋರ್ಟು, ವೀಸಾಕ್ಕೂ ಅದೇ ರಾಮಾಯಣ.

ಅವಳಿಗೆ ಎಂಟು ತಿಂಗಳಾದಾಗ ಇಬ್ಬರೂ ಫ್ರಾಂಕ್‌ಫರ್ಟ್‌ನಲ್ಲಿ ಇಳಿದರು. ಅವಳ ಅಪ್ಪ ನಾನೇ ಎಂದು ಅಷ್ಟೂ ಕಾಗದಗಳಲ್ಲಿ ಮುದ್ರೆ ಸಮೇತ ಬರೆದಿತ್ತು. ಕೈ ಚಾಚಿದೆ. ಅವಳು ನನ್ನ ಮುಖ ನೋಡಿ ಕಿಟಾರನೆ ಕಿರುಚಿ ಅಮ್ಮನ ಕೊರಳು ತಬ್ಬಿಕೊಂಡಳು.