ಉಂಡ ಮೇಲೆ ಪಂಚಾಯ್ತಿ

ನಮ್ಮ ಮಾವ ಯಾವ ಜಗಳವನ್ನೂ ಖಾಲಿ ಹೊಟ್ಟೆಯಲ್ಲಿ ಕೇಳುತ್ತಿರಲಿಲ್ಲ. ಜಗಳವಾಡಿಕೊಂಡು ಬಂದ ಎರಡೂ ಕಡೆಯವರು ನಮ್ಮ ನಡುಮನೆಯಲ್ಲಿ ಒಂದೇ ಸಾಲಿನಲ್ಲಿ ಕೂತು, ಒಂದೇ ಪಾತ್ರೆಯ ಸಾರು ಉಣ್ಣಬೇಕು. ಪಂಚಾಯ್ತಿ ಆಮೇಲೆ. ಅವರು ತೀರಿಕೊಂಡು ವರ್ಷಗಳಾದರೂ ಜನ ಈಗಲೂ ನನ್ನೆದುರು ಅದನ್ನೇ ಹೊಗಳುತ್ತಾರೆ. ಸಾರು ಮಾಡುತ್ತಿದ್ದವಳು ನಾನು.

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್ ಹಿಂದಿನ ಬೀದಿಯಲ್ಲಿ ಆಗ ತಮಿಳರ ಮನೆಗಳೇ ಹೆಚ್ಚು. ಅವರ ತಾತಂದಿರು ಸೇಲಂ, ತಿರುಚ್ಚಿ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ಆ ಜನಕ್ಕೆಲ್ಲ ನಮ್ಮ ಮಾವನೇ ಹಿರಿಯರು. ಫಿಟ್ಟರ್ ಕೆಲಸದಿಂದ ನಿವೃತ್ತರಾಗಿದ್ದರು. ಈ ಯಜಮಾನಿಕೆಗೆ ಮಾತ್ರ ನಿವೃತ್ತಿ ಇರಲಿಲ್ಲ. ಸಂಬಂಧ ಕುದುರಿಸಲು, ಕುದುರಿಸಿದ್ದು ಕೆಟ್ಟರೆ ಸರಿಮಾಡಲು, ಗೋಡೆ ಜಗಳಕ್ಕೆ, ಹೆಣಕ್ಕೆ ನಾಲ್ಕು ಹೆಗಲು ಹುಡುಕಲು, ಎಲ್ಲಕ್ಕೂ ಅವರೇ. ನಾನು ಹಳೇಬೀಡಿನ ರಾಗಿ ಬೆಳೆಯುವ ಮನೆಯ ಹುಡುಗಿ, ಮೆಚ್ಚಿ ಮದುವೆಯಾಗಿ ಆ ಮನೆಗೆ ಹೋದವಳು. ಅತ್ತೆ ಮೊದಲೇ ತೀರಿಕೊಂಡಿದ್ದರು. ಸೌಟು ನೇರವಾಗಿ ನನ್ನ ಕೈಗೆ ಬಂತು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರಲ್ಲ, ನಮ್ಮ ಮಾವ ಮಲಗುವ ತನಕ ಕಾಯುತ್ತಿರಲಿಲ್ಲ. ಅರ್ಧಕ್ಕರ್ಧ ಜಗಳ ಮಜ್ಜಿಗೆ ಅನ್ನದ ಹೊತ್ತಿಗೇ ತೀರಿರುತ್ತಿತ್ತು. ಮುಖ ತಿರುಗಿಸಿ ಕೂತ ಅಣ್ಣತಮ್ಮಂದಿರಲ್ಲಿ ಒಬ್ಬ "ಉಪ್ಪು ಕೊಡ್ಲಾ" ಅಂದರೆ ಸಾಕು, ಮಾವ ನನ್ನ ಕಡೆ ನೋಡಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಹಳೇಬೀಡಿನ ಶಾಲೆಯಲ್ಲಿ ದಿನವಿಡೀ ಮಕ್ಕಳಿಗೆ ಪಾಠ ಹೇಳಿ, ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಬಂದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಅದನ್ನು ನೋಡಿದರೇ ಸೊಂಟ ನೋಯಲು ಶುರುವಾಗುತ್ತಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಗೊಣಗಿಕೊಂಡೇ ಒಲೆ ಹಚ್ಚುತ್ತಿದ್ದೆ.

ಸಣ್ಣ ಗೇಜ್ ಹಳಿ ಕಿತ್ತು ದೊಡ್ಡ ಗೇಜ್ ಹಾಕಿದ ಮೇಲೆ ಎಷ್ಟೋ ಜನಕ್ಕೆ ಬೇರೆ ಊರಿಗೆ ವರ್ಗವಾಯಿತು. ಇನ್ನಾದರೂ ಜಗಳ ಕಮ್ಮಿಯಾದೀತು ಅಂದುಕೊಂಡೆ. ಉಳಿದವರು ಹೋದವರ ಪಾಲಿನದನ್ನೂ ಆಡಿದರು. ನನಗೆ ಸಾಕಾಗಿ ಹೋಯಿತು. ಹಳೇಬೀಡಿನಲ್ಲಿ ಬಾಡಿಗೆ ಮನೆ ನೋಡಿ, ಗಂಡನನ್ನು ಒಪ್ಪಿಸಿ, ಒಂದು ಭಾನುವಾರ ಮಾವನಿಗೆ ಹೇಳಿಯೇಬಿಟ್ಟೆ.

"ಉಂಡ್ಮೇಲೆ ಮಾತಾಡಣ, ಕೂತ್ಕಳಮ್ಮ" ಅಂದರು.

ಅಂದರೆ ನಾನೂ ಈಗ ಒಂದು ಕಡೆಯವಳು. ಆವತ್ತು ಅವರೇ ರಸಂ ಮಾಡಿದರು. ಹುಣಸೆಹುಳಿ ಜಾಸ್ತಿಯಾಗಿ ಹಲ್ಲು ಜುಮ್ಮೆನ್ನುತ್ತಿತ್ತು. ಇಬ್ಬರೂ ಅಕ್ಕಪಕ್ಕ ಕೂತು ಉಂಡೆವು.

"ಈಗ ಹೇಳು."

"ನನ್ ಕೈಲಿ ಆಗ್ತಿಲ್ಲ ಮಾವ. ನಮ್ಮನೇಲಿ ನಾನು ಬರೀ ನಮ್ಮೋರ್ಗೆ ಅಡುಗೆ ಮಾಡಿ ಒಂದಿನ ಬೇಗ ಮಲಗಬೇಕು. ಅಷ್ಟೇ."

ಅವರು ತಲೆಯಾಡಿಸಿದರು. "ನೀನು ಹೇಳೋದು ನ್ಯಾಯ ಕಣಮ್ಮ. ಹೋಗಿ ಇಬ್ರೂ." ತಟ್ಟೆ ಪಕ್ಕಕ್ಕೆ ಸರಿಸಿ, "ನಂಗೂ ಸಾಕಾಗೈತೆ. ಎಷ್ಟೋ ವರ್ಷದಿಂದ ಸಾಕಾಗೈತೆ. ನನ್ ಪಂಚಾಯ್ತಿ ಯಾರತ್ರ ತಗೊಂಡೋಗ್ಲಿ ಹೇಳು?" ಅಂದರು.

ಅವರ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟೆಲ್ಲ ಇಳಿದು ಅಳು ಬಂತು.

"ನೀವೂ ಬಂದ್ಬಿಡಿ ಮಾವ. ಬಾಗಿಲು ಹಾಕ್ಕೊಂಡು ಮೂರೇ ಜನ ಉಣ್ಣಣ."

ಬಾಯಿಮಾತಿಗಲ್ಲ, ಮನಸಾರೆ ಕರೆದೆ. ಅವರು ಕೈ ತೊಳೆಯದೆ ಬಹಳ ಹೊತ್ತು ಕೂತರು. ಎಂಜಲು ಕೈ ಒಣಗಿತು. "ಅಲ್ಲಿ ಕೆರೆ ಐತಲ್ಲ, ಸಂಜೆ ಹೊತ್ತು ಕೂತ್ಕಬೌದು" ಅಂದರು. ಬಂದೇ ಬರುತ್ತಾರೆ ಅಂದುಕೊಂಡೆ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಒಬ್ಬ ಹೆಂಗಸು ಅಳುತ್ತ, ಅವಳ ಹಿಂದೆ ಗಂಡ ಬೈಯುತ್ತ ಒಳಗೆ ಬಂದರು. ಮಾವ ಎದ್ದು ಕೈ ತೊಳೆದು ಅಂಗಿಯ ಗುಂಡಿ ಹಾಕಿಕೊಂಡರು. ನನ್ನ ಕಡೆ ನೋಡಲಿಲ್ಲ. ತಾವೇ ಎರಡು ತಟ್ಟೆ ಇಟ್ಟು, ಮಂಡಿ ಹಿಡಿದುಕೊಂಡು ಬಡಿಸಲು ಬಗ್ಗಿದರು.

ಮುಂದಿನ ವಾರ ನಾವು ಹಳೇಬೀಡಿಗೆ ಹೋದೆವು. ಅವರು ಬರಲಿಲ್ಲ.